ನಡುವಿನಾಕಿ

ನನ್ನ ಕೆಲಸ ಏನೆಂದು ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕಂಪ್ಯೂಟರ್ ರಿಪೇರಿಯವಳು ಎಂದು ತಿಳಿದಿದ್ದಾರೆ. ಹಾಗಾಗಿ ಕೆಟ್ಟ ಪ್ರಿಂಟರುಗಳು, ಸತ್ತ ಮೊಬೈಲುಗಳು, ಒಮ್ಮೆ ಒಂದು ಮಿಕ್ಸರ್ ಕೂಡ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂತದ್ದುಂಟು. ಮಿಕ್ಸರ್ ತಂದವರಿಗೆ ನಾನು ತಾಳ್ಮೆಯಿಂದಲೇ ಹೇಳಿದೆ: "ನಾ ರಿಪೇರಿ ಮಾಡೂದಿಲ್ರಿ. ಸಾಫ್ಟ್‌ವೇರ್ ಮಾಡೋರಿಗೆ ಹ್ಯಾಂಗ ಮಾಡಬೇಕಂತ ಹೇಳ್ತೇನಿ, ಅಷ್ಟ." ಅವರು ಮಿಕ್ಸರನ್ನು ನನ್ನ ಕಡೆ ಸರಿಸಿ, "ಹಂಗಾದ್ರ ಮಿಕ್ಸರ್ ರಿಪೇರಿ ಮಾಡೋರಿಗೂ ಒಂದ ಮಾತ ಹೇಳ್ರೆಲಾ" ಎಂದರು.

ಹೇಳುವುದೇ ನನ್ನ ಕಸುಬು. ಪ್ರೋಗ್ರಾಮು ಬರೆಯುವವರು ಅವರು, ರಾತ್ರಿಯೆಲ್ಲ ಕೂತು ತಪ್ಪು ಹುಡುಕುವವರು ಅವರು, ಸಾಹೇಬರಿಂದ ಬೈಸಿಕೊಳ್ಳುವವರೂ ಅವರೇ. ನಾನು ಇಳಕಲ್ಲಿನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಕ್ಯಾಮೆರಾ ಮುಂದೆ ಕೂತು ಹೇಳುತ್ತೇನೆ. "ನಡುವಿನ ಪದ್ಧತಿ" ಎಂದು ನನ್ನದೊಂದು ಪದ್ಧತಿ ಇದೆ. ಅದನ್ನು ಮೊದಲು ಹಾಕಿಕೊಟ್ಟವಳು ಎಂದು ನನ್ನನ್ನು ಎಲ್ಲೆಲ್ಲಿಗೋ ಕರೆಸಿ ಶಾಲು ಹೊದಿಸಿದ್ದಾರೆ. ಇಳಕಲ್ ಸೀರೆಯ ಊರಿನವಳಿಗೆ ಎಲ್ಲಿಯದೋ ಪಾಲಿಯೆಸ್ಟರ್ ಶಾಲು ಹೊದಿಸುತ್ತಾರೆ, ಇರಲಿ. ಹೊದಿಸಿದ ಮೇಲೆ ತಪ್ಪದೆ ಕೇಳುತ್ತಾರೆ, ಇದಕ್ಕೆ ಪ್ರೇರಣೆ ಎಲ್ಲಿಂದ ಬಂತು ಎಂದು. ನಾನು "ಮನೆಯ ವಾತಾವರಣ" ಎನ್ನುತ್ತೇನೆ. ಜನ ಗಂಭೀರವಾಗಿ ತಲೆಯಾಡಿಸುತ್ತಾರೆ. ನನ್ನ ಅಪ್ಪ ದೊಡ್ಡ ಪಂಡಿತರಿರಬೇಕು ಎಂದುಕೊಳ್ಳುತ್ತಾರೋ ಏನೋ. ಅಪ್ಪ ಮತ್ತು ಕಾಕಾ ಕೂಡಿ ನೂಲಿನ ಅಂಗಡಿ ಇಟ್ಟಿದ್ದರು. ಇಬ್ಬರೂ ಈಗಿಲ್ಲ, ಇದ್ದಾಗಲೂ ಹೆಚ್ಚು ಮಾತಾಡಿದವರಲ್ಲ. ನನ್ನ ಪದ್ಧತಿ ಹುಟ್ಟಿದ್ದು ಅವ್ವ ಮತ್ತು ಚಿಗವ್ವನಿಂದ, ಅಂದರೆ ಕಾಕಾನ ಹೆಂಡತಿಯಿಂದ. ಹುಟ್ಟಿದ ಜಾಗ ಕುಳಗೇರಿ ಕ್ರಾಸ್.

ನಾನಾಗ ಇನ್ನೂ ಸಣ್ಣ ಸಾಲಿಯ ಹುಡುಗಿ. ನರಗುಂದದ ಕಡೆ ಒಂದು ಮದುವೆ ಮುಗಿಸಿ ಮೂವರೂ ಬಾದಾಮಿಯ ಬಸ್ಸಿನಲ್ಲಿ ಹೊರಟಿದ್ದೆವು. ಬಸ್ಸು ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ನಿಂತಿತು. ಚಿಗವ್ವ ಇಳಿದಳು. ಅವ್ವ ನನ್ನನ್ನು ತೊಡೆಯ ಮೇಲೆ ಒತ್ತಿಕೊಂಡು ಸೀಟು ಕಾಯ್ದಳು. ಸ್ವಲ್ಪ ಹೊತ್ತಿಗೆ ಕಂಡಕ್ಟರ್ "ಎಲ್ಲಾರೂ ಬಂದ್ರೇನ್ರಿ?" ಎಂದು ಕೂಗಿದ. ಆಗ ನಮ್ಮವ್ವ, ಯಾರೂ ಆ ಅಧಿಕಾರ ಕೊಟ್ಟಿರದಿದ್ದರೂ, ಇಡೀ ಬಸ್ಸಿನ ಪರವಾಗಿ "ಬಂದಾರ, ಬಂದಾರ, ನಡೀರಿ" ಎಂದಳು. ಚಿಗವ್ವ ಹಿಂದೆ ಹೆಂಗಸರ ಜೊತೆ ಕೂತಿದ್ದಾಳೆ ಎಂದು ಅವ್ವನ ಅಂದಾಜು. ಅಂದಾಜು ತಪ್ಪೆಂದು ತಿಳಿದದ್ದು ಬಾದಾಮಿಯಲ್ಲಿ ಇಳಿದ ಮೇಲೆ.

ಅವ್ವ ಗಾಬರಿಯಾಗಲಿಲ್ಲ. ಗಾಬರಿಯಾಗುವ ಜಾತಿಯೇ ಅಲ್ಲ ಅವಳು. "ಬರ್ತಾಳ, ಎಲ್ಲಿ ಹೋಗ್ತಾಳ" ಎಂದು ಸ್ಟ್ಯಾಂಡಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದಳು. ಸಜ್ಜಿರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಬದನೆ. ಚಿಗವ್ವನ ಪಾಲನ್ನು ಬೇರೆ ಅರಿವೆಯಲ್ಲಿ ಕಟ್ಟಿ ಪಕ್ಕಕ್ಕಿಟ್ಟಳು. ಬಾದಾಮಿಯ ಮಂಗಗಳ ವಿಷಯ ಗೊತ್ತಿದ್ದವರು ಹಾಗೆ ಪಕ್ಕಕ್ಕಿಡುವುದಿಲ್ಲ. ಒಂದು ಮಂಗ್ಯಾ ಬಂದು ಆ ಗಂಟನ್ನೇ ಎತ್ತಿಕೊಂಡು ತಗಡಿನ ಮೇಲೆ ಹತ್ತಿ, ನಮ್ಮನ್ನೇ ನೋಡುತ್ತ ತಿಂದು ಮುಗಿಸಿತು. ಅದು ಅರಿವೆಯನ್ನು ಕೆಳಗೆ ಎಸೆಯುವ ಹೊತ್ತಿಗೆ ಸರಿಯಾಗಿ ಉಳ್ಳಾಗಡ್ಡಿ ಚೀಲ ತುಂಬಿದ ಲಾರಿಯೊಂದು ಬಂದು ನಿಂತಿತು. ಅದರಿಂದ ಚಿಗವ್ವ ಇಳಿದಳು. ತಲೆತುಂಬ ಉಳ್ಳಾಗಡ್ಡಿಯ ಸಿಪ್ಪೆ. ನಮ್ಮನ್ನು ನೋಡಿದಳು. ನಮ್ಮಿಬ್ಬರ ಬಾಯಿಯೂ ತುಂಬಿತ್ತು.

ಅವಳು ಅವ್ವನ ಕಡೆ ತಿರುಗಲಿಲ್ಲ. ನನ್ನ ಮುಂದೆ ಬಂದು ನಿಂತು, "ನಿಮ್ಮವ್ವಗ ಹೇಳು, ನಾ ಬಂದೇನಿ ಅಂತ" ಎಂದಳು.

ಅವ್ವ ತುತ್ತು ನುಂಗಿ, "ಕಣ್ಣ ಅದಾವು, ಕಂಡೈತಿ ಅಂತ ಹೇಳು" ಎಂದಳು. ಆಮೇಲೆ, ಅರಿವೆ ಖಾಲಿಯಿದ್ದರೂ, ದನಿ ಸಣ್ಣದು ಮಾಡಿ, "ಉಣ್ತಾಳೇನು ಕೇಳು."

ನಾನು ಕೇಳಿದೆ. "ಬಿಟ್ಟ ಬಂದವರ ಕೈಯಾನ ಅನ್ನ ನನಗ ಇಳಿಯಂಗಿಲ್ಲ ಅಂತ ಹೇಳು" ಎಂದಳು ಚಿಗವ್ವ. ನಾನು ಹೇಳಿದೆ. ನನ್ನ ಉದ್ಯೋಗ ಹೀಗೆ ಶುರುವಾಯಿತು.

ಆವತ್ತಿನಿಂದ ಅವರಿಬ್ಬರ ಮಾತು ನಿಂತುಹೋಯಿತು. ಹಾಗೆಂದು ಬೇರೆಯಾದರೇ? ಇಲ್ಲ. ಜಗಳವಾಡಿದರೇ? ಅದೂ ಇಲ್ಲ. ಒಂದೇ ಒಲೆಯ ಮುಂದೆ ಕೂತು ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಬೇಯಿಸುವಳು. ಒಬ್ಬಳ ತಲೆಗೆ ಇನ್ನೊಬ್ಬಳು ಎಣ್ಣೆ ಹಚ್ಚುವಳು. ಅಪ್ಪ ಹೋದಾಗ ಚಿಗವ್ವ, ಕಾಕಾ ಹೋದಾಗ ಅವ್ವ, ಪಕ್ಕದಲ್ಲಿ ಕೂತು ಅತ್ತರು. ಮಾತು ಮಾತ್ರ ನನ್ನ ಮೂಲಕ. ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು ಲಿಂಗಪೂಜೆ ಮಾಡಿಕೊಳ್ಳುವಾಗ ಕಣ್ಣು ಮುಚ್ಚಿರುತ್ತಿದ್ದರು; ನನಗೆ ಅದೊಂದೇ ರಜೆ.

ನನಗೆಂದು ಆಡಿದ ಮಾತು ಆ ಮನೆಯಲ್ಲಿ ಇರಲೇ ಇಲ್ಲ. ಎಲ್ಲ ಮಾತಿನ ತುದಿಗೂ ಒಂದು "ಹೇಳು" ಅಥವಾ "ಕೇಳು" ಇರುತ್ತಿತ್ತು. ಒಮ್ಮೆ ಜ್ವರ ಬಂದು ಮೈ ಸುಡುತ್ತಿದ್ದಾಗ ಅವ್ವ ನನ್ನ ಹಣೆ ಮುಟ್ಟಿ ನೋಡಿ, "ಜ್ವರ ಭಾಳ ಅದಾವು ಅಂತ ನಿಮ್ಮ ಚಿಗವ್ವಗ ಹೇಳು" ಎಂದಳು. ಚಿಗವ್ವ ಅಲ್ಲೇ ಕಾಲಬುಡದಲ್ಲಿ ಕೂತಿದ್ದಳು. "ಗೊತ್ತೈತಿ, ಕಷಾಯ ಇಟ್ಟೇನಿ ಅಂತ ಹೇಳು" ಎಂದಳು. ನನ್ನ ಜ್ವರದ ಸುದ್ದಿಯನ್ನು ನಾನೇ ಹಲ್ಲು ಕಟಕಟ ಕಡಿಯುತ್ತ ಆ ಕಡೆಯಿಂದ ಈ ಕಡೆಗೆ ಮುಟ್ಟಿಸಿದೆ. ಸಿಟ್ಟು ಬರುತ್ತಿತ್ತು. ಇದನ್ನು ಬರೆಯುವಾಗಲೂ ಬರುತ್ತಿದೆ.

ಕನ್ಯೆ ನೋಡಲು ಬಂದವರ ಮುಂದೆಯೂ ಇದೇ ಕಥೆ. ನಾನು ಉಪ್ಪಿಟ್ಟಿನ ತಾಟು ಹಿಡಿದು ನಿಂತಿದ್ದೆ. ಅವ್ವ "ನಿಂಬಿಹಣ್ಣ ಎಲ್ಲಿ ಕೇಳು" ಎಂದಳು, ಚಿಗವ್ವ "ಗೋಡಿ ಮಾಡದಾಗ ಐತಿ ಹೇಳು" ಎಂದಳು, ಅವ್ವ "ಕೊಯ್ದಾಳೇನು ಕೇಳು" ಎಂದಳು. ಎಲ್ಲವನ್ನೂ ನಿಯತ್ತಾಗಿ ಒಪ್ಪಿಸಿದೆ. ಹುಡುಗನ ತಾಯಿ ಹೋಗುವಾಗ ಓಣಿಯ ಬಾಯಲ್ಲಿ ಯಾರಿಗೋ ಹೇಳಿದರಂತೆ, "ಹುಡಿಗಿ ಛಲೋ ಐತಿ, ಖರೆ ತನ್ನಷ್ಟಕ್ಕ ತಾನ ಮಾತಾಡ್ಕೊಂತ ಇರತೈತಿ." ಆ ಸಂಬಂಧ ಅಲ್ಲಿಗೇ ನಿಂತಿತು. ಆಮೇಲಿನವೂ ಹೆಚ್ಚುಕಡಿಮೆ ಹಾಗೆಯೇ ನಿಂತವು.

ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದಿದೆ; ಊರಲ್ಲಿ ಇಲ್ಲದಾಗಲೂ ಫೋನಿನಲ್ಲಿ ಒಬ್ಬಳ ಮಾತು ಇನ್ನೊಬ್ಬಳಿಗೆ ಮುಟ್ಟಿಸುತ್ತಿದ್ದೆ. ಕಂಪ್ಯೂಟರಿನ ಮಟ್ಟಿಗೆ ನಾನು ಅಂಥಾ ಶಾಣ್ಯಾಳೇನಲ್ಲ. ನನ್ನ ಹೆಸರು ಬಂದದ್ದು ಇಳಕಲ್ಲಿನ ಒಂದು ಗ್ರಾನೈಟ್ ಕಂಪನಿಯಿಂದ. ಅವರಲ್ಲಿ ಎರಡು ಪ್ರೋಗ್ರಾಮು ಇದ್ದವು: ಗಣಿಯಲ್ಲಿ ಎಷ್ಟು ಕಲ್ಲು ಎದ್ದಿದೆ ಎಂದು ಬರೆದಿಡುವುದು ಒಂದು, ಮಾರುವುದು ಇನ್ನೊಂದು. ಮಾರುವ ಪ್ರೋಗ್ರಾಮು ಗಣಿಯ ಪ್ರೋಗ್ರಾಮಿನೊಳಗೆ ನೇರವಾಗಿ ಕೈ ಹಾಕಿ ನೋಡಿಕೊಳ್ಳುತ್ತಿತ್ತು. ಒಂದು ದಿನ ಗಣಿಯವರು ತಮ್ಮ ಅನುಕೂಲಕ್ಕೆ ಪ್ರೋಗ್ರಾಮಿನ ಒಳಗೆ ಲೆಕ್ಕ ಬರೆಯುವ ಜಾಗಗಳನ್ನು ಅದಲುಬದಲು ಮಾಡಿದರು, ಯಾರಿಗೂ ಹೇಳಲಿಲ್ಲ. ಎದ್ದ ಕಲ್ಲಿನ ಲೆಕ್ಕ ಇರುತ್ತಿದ್ದ ಜಾಗದಲ್ಲಿ ಈಗ ನೆಲದೊಳಗಿನ ಕಲ್ಲಿನ ಅಂದಾಜು ಕೂತಿತ್ತು. ಮಾರುವವರು ಗುಡ್ಡವನ್ನೇ ಮಾರಿಬಿಟ್ಟರು. ಮೇಲಿನ ಹುಲ್ಲು, ಗಿಡ, ತುದಿಯಲ್ಲಿದ್ದ ಸಣ್ಣ ಗುಡಿ ಸಮೇತ, ಪಾಲಿಶ್ ಮಾಡಿ ಕಳಿಸುತ್ತೇವೆ ಎಂದು.

ನಾನು ಎರಡರ ನಡುವೆ ಒಂದು ಸಣ್ಣ ಪ್ರೋಗ್ರಾಮು ಕೂರಿಸಿದೆ. ಇನ್ನು ಮುಂದೆ ಯಾರೂ ಯಾರೊಳಗೂ ಕೈ ಹಾಕುವಂತಿಲ್ಲ, ಏನು ಬೇಕೋ ನಡುವಿನಾಕಿಯನ್ನು ಕೇಳಬೇಕು. ಮಾಲೀಕರಿಗೆ ಸಮಾಧಾನವಾಗಲಿಲ್ಲ. "ಇಬ್ಬರ ನಡುವ ಮೂರನೇದಾಕಿ ಯಾಕ್ರಿ? ನೇರ ಮಾತಾಡಿದ್ರ ಆಗೂದಿಲ್ಲೇನು?" ಎಂದರು.

"ನೇರ ಮಾತಾಡಿದ್ದಕ್ಕನ ಗುಡ್ಡ ಹೋತಲ್ರಿ" ಎಂದೆ.

ಆ ಗುಡ್ಡದ ಕಥೆ ಹೇಳಿಯೇ ನಾನು ಊರೂರು ಸುತ್ತಿದೆ. ಪದ್ಧತಿಯ ನಿಯಮಗಳು ಸರಳ. ಇನ್ನೊಬ್ಬರು ಬಂದಿದ್ದಾರೆ ಎಂದು ಅವರ ಪರವಾಗಿ ಯಾರೂ ಹೇಳಕೂಡದು. ಇದು ಕುಳಗೇರಿ ಕ್ರಾಸಿನ ನಿಯಮ. ಕೇಳಿಸಿಕೊಂಡದ್ದನ್ನು ತಿರುಗಿ ಹೇಳಿ, ಇದೇ ತಾನೆ ಎಂದು ಕೇಳಬೇಕು. ಎಲ್ಲಕ್ಕಿಂತ ದೊಡ್ಡದು, ನಡುವಿನಾಕಿ ತನ್ನದೇನನ್ನೂ ಸೇರಿಸಕೂಡದು. ಹೇಳು ಎಂದರೆ ಹೇಳಬೇಕು, ಹೇಳು ಎನ್ನದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ದೊಡ್ಡ ದೊಡ್ಡ ಎಂಜಿನಿಯರುಗಳು ಇದನ್ನು ಬರೆದುಕೊಂಡರು. ನಾನು ವರ್ಷಗಟ್ಟಲೆ ಹಗಲು ಕಂಪನಿಗಳಿಗೆ, ಸಂಜೆ ಅವ್ವ-ಚಿಗವ್ವರಿಗೆ ಹೇಳುತ್ತಲೇ ಇದ್ದೆ. ಗಂಟಲು ಎಷ್ಟು ದಿನ ತಡೆದೀತು?

ಮೊದಲು ದನಿ ಒಡೆಯಿತು. ಆಮೇಲೆ ಕ್ಯಾಮೆರಾ ಮುಂದೆ ಕೂತಾಗ ಅರ್ಧ ಮಾತು ಗಾಳಿಯಾಗಿ ಹೋಗತೊಡಗಿತು. ಬಾಗಲಕೋಟೆಯ ದವಾಖಾನೆಗೆ ಮೂವರೂ ಹೋದೆವು. ಬಸ್ಸಿನಲ್ಲಿ ಎಂದಿನಂತೆ ಅವರಿಬ್ಬರು ಎರಡು ತುದಿಗೆ, ನಾನು ನಡುವೆ. ಡಾಕ್ಟರು ಗಂಟಲೊಳಗೆ ನಳಿಗೆ ಇಳಿಸಿ ನೋಡಿ, ದನಿಯ ಎಳೆಗಳ ಮೇಲೆ ಗಂಟುಗಳಾಗಿವೆ, ತೆಗೆಯಬೇಕು ಎಂದರು. "ಏನ್ ಕೆಲಸ ಮಾಡ್ತೀರಿ ನೀವು?"

"ಮಾತಾಡ್ತೇನ್ರಿ" ಎಂದೆ.

ಗಂಟು ತೆಗೆದ ಮೇಲೆ ಡಾಕ್ಟರು ನಮ್ಮ ಮೂವರನ್ನೂ ಎದುರು ಕೂರಿಸಿಕೊಂಡು ಖಡಾಖಡಿ ಹೇಳಿದರು. "ನಾ ಹೇಳೂತನಾ ಒಂದ ಶಬ್ದ ಹೊರಗ ಬರಬಾರದು. ಪಿಸುಮಾತೂ ಇಲ್ಲ. ಈಗ ಒಮ್ಮಿ ಬಾಯಿ ಬಿಟ್ಟ ಒದರಿದ್ರ ಮುಂದ ಜನ್ಮಕ್ಕ ಈ ದನಿ ಬರೂದಿಲ್ಲ. ತಿಳೀತಿಲ್ಲೋ?"

ನಾನು ತಲೆಯಾಡಿಸಿದೆ. ಅವ್ವ ನನ್ನ ಮೊಣಕೈ ತಿವಿದು, "ಡಾಕ್ಟರ್ ಹೇಳಿದ್ದು ಕೇಳಿಸ್ತೇನಂತ ನಿಮ್ಮ ಚಿಗವ್ವಗ ಕೇಳು" ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟು ನಮ್ಮವ್ವನ ಮುಖವನ್ನೇ ನೋಡಿದರು. ಚಿಗವ್ವ ನನಗೆ, "ನಾನೇನ ಕಿವುಡಿ ಅಲ್ಲ ಅಂತ ಹೇಳು" ಎಂದಳು.

ನನಗೆ ಹೆದರಿಕೆಯಾಗಿತ್ತು. ನಿಜವಾದ ಹೆದರಿಕೆ. ದನಿ ಹೋದರೆ ನನ್ನ ಬಳಿ ಬೇರೆ ಏನಿದೆ? ಪ್ರೋಗ್ರಾಮು ಬರೆಯುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಹೇಳುವವಳು ಎಂದೇ ನನ್ನನ್ನು ಕರೆಯುತ್ತಿದ್ದರು. ಹೇಳದ ನನ್ನನ್ನು ಯಾರು ಕರೆದಾರು? ಕಂಪನಿಗಳನ್ನಾದರೂ ತಡೆಯಬಹುದು, ಈ ಇಬ್ಬರು ಮುದುಕಿಯರು ನನ್ನ ಬಾಯಿ ಬಿಡಿಸದೆ ಇರುತ್ತಾರೆಯೇ? ಬಸ್ಸು ಹುನಗುಂದ ದಾಟುವವರೆಗೆ ಇದನ್ನೇ ಯೋಚಿಸಿದೆ. ಪುಣ್ಯಕ್ಕೆ ಇಬ್ಬರೂ ನಿದ್ದೆ ಹೋಗಿದ್ದರು.

ಮನೆಯಲ್ಲಿ ನಾನೊಂದು ಉಪಾಯ ಮಾಡಿದೆ. ಬರೆದದ್ದನ್ನು ಫೋನು ಗಟ್ಟಿಯಾಗಿ ಓದುತ್ತದಲ್ಲ, ಅದನ್ನು ನಡುವೆ ಇಟ್ಟೆ. ಫೋನಿನೊಳಗಿನ ಹೆಂಗಸಿಗೆ ನಮ್ಮ ಕಡೆಯ ಮಾತು ಓದಲು ಬರುತ್ತಿರಲಿಲ್ಲ, ಮುಗ್ಗರಿಸುತ್ತಿದ್ದಳು; ಅದಕ್ಕೆ ಪುಸ್ತಕದ ಕನ್ನಡದಲ್ಲಿ ಬರೆದುಕೊಟ್ಟೆ. ಅವ್ವ "ಉಪ್ಪಿನಕಾಯಿ ಎಲ್ಲಿ ಇಟ್ಟಾಳ ಕೇಳು" ಎಂದಳು. ಫೋನು ಮೂಗು ಮೇಲೆತ್ತಿದ ದನಿಯಲ್ಲಿ ಹೇಳಿತು: "ಉಪ್ಪಿನಕಾಯಿಯನ್ನು ಎಲ್ಲಿ ಇಟ್ಟಿದ್ದೀರಿ ಎಂದು ಅವರು ಕೇಳುತ್ತಿದ್ದಾರೆ."

ಚಿಗವ್ವ ಸೌಟು ಕೆಳಗಿಟ್ಟಳು. "ಯಾರಬೇ ಈಕಿ? ಏನ್ ಧಿಮಾಕ ಅಕಿದು!"

ಅವ್ವನಿಗೂ ಅವಮಾನವಾಗಿತ್ತು. "ನಾ ಹಂಗ ಕೇಳೇ ಇಲ್ಲಂತ ಹೇಳು. ಸಾಹೇಬರ ಹೇಂತಿ ಗತೆ ಕೇಳ್ಯಾಳ ಅಕಿ."

ಮರುದಿನ ಚಿಗವ್ವನಿಗೆ ಕನಿಕರ ಬಂದಿರಬೇಕು, ಫೋನಿನ ಹತ್ತಿರ ಬಾಗಿ "ಚಾ ಕುಡದಿಯೇನ ತಂಗಿ?" ಎಂದು ಕೇಳಿದಳು. ಫೋನು ಮಾತಾಡಲಿಲ್ಲ. ನಾನು ಬರೆದದ್ದನ್ನಷ್ಟೇ ಅದು ಹೇಳುವುದು ಎಂದು ಕೈಸನ್ನೆಯಲ್ಲಿ ತಿಳಿಸಲು ನೋಡಿದೆ. "ಬ್ಯಾಡ ಬಿಡು, ಸೊಕ್ಕಿನಾಕಿ" ಎಂದು ಚಿಗವ್ವ ಫೋನನ್ನು ಬೋರಲು ಹಾಕಿದಳು. ಅವ್ವ ತಲೆಯಾಡಿಸಿ ಒಪ್ಪಿದಳು. ಕುಳಗೇರಿ ಕ್ರಾಸಿನ ಆ ದಿನದಿಂದೀಚೆಗೆ ಅವರಿಬ್ಬರೂ ಒಂದಾದದ್ದು ಅದೇ ಮೊದಲು.

ಆಮೇಲೆ ಒಂದೆರಡು ದಿನ ಮನೆ ಸ್ಮಶಾನದಂತಿತ್ತು. ಒಂದು ಬೆಳಿಗ್ಗೆ ಚಿಗವ್ವ ಮೊಸರಿನ ಗಡಿಗೆ ಹಿಡಿದು ಅಡಿಗೆಮನೆಯ ನಡುವೆ ನಿಂತಳು. ಏನೋ ಹೇಳಬೇಕಾಗಿತ್ತು. ನನ್ನ ಕಡೆ ನೋಡಿದಳು, ನಾನು ಗಂಟಲು ತೋರಿಸಿದೆ. ಗೋಡೆ ನೋಡಿದಳು, ಕ್ಯಾಲೆಂಡರ್ ನೋಡಿದಳು. ಕೊನೆಗೆ ಅವ್ವನಿಗೂ ತನಗೂ ನಡುವೆ ನಿಂತಿದ್ದ ಫ್ರಿಜ್ಜಿನ ಕಡೆ ತಿರುಗಿ, "ಹೇಳು ಅಕಿಗೆ, ಮಸರ ಹುಳಿ ಬಂದೈತಿ ಅಂತ" ಎಂದಳು.

ಫ್ರಿಜ್ಜು ಗುಂಯ್ ಎಂದಿತು.

ಅವ್ವ ಫ್ರಿಜ್ಜನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಫ್ರಿಜ್ಜಿಗೆ, "ಗೊತ್ತೈತಿ, ಮಜ್ಜಿಗಿ ಮಾಡ್ತೇನಿ ಅಂತ ಹೇಳು" ಎಂದಳು.

ಅಲ್ಲಿಗೆ ನನ್ನ ನೌಕರಿ ಹೋಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಇಬ್ಬರೂ ಫ್ರಿಜ್ಜಿನ ಮೂಲಕ ಲೋಕದ ಮಾತೆಲ್ಲ ಆಡತೊಡಗಿದರು. ಕರೆಂಟ್ ಹೋದರೆ ಮಾತೂ ಅಲ್ಲಿಗೇ ನಿಲ್ಲುತ್ತಿತ್ತು. ಗುಂಯ್ ಎನ್ನದ ಫ್ರಿಜ್ಜಿಗೆ ಹೇಳಿ ಏನು ಉಪಯೋಗ? ಅರ್ಧಕ್ಕೆ ನಿಂತ ಮಾತನ್ನು ಹಾಗೇ ಬಾಯಲ್ಲಿಟ್ಟುಕೊಂಡು ಕೂರುತ್ತಿದ್ದರು. ಕರೆಂಟ್ ಬಂದ ಕೂಡಲೇ, "ಹಾಂ, ಎಲ್ಲಿದ್ದೆ ನಾ?" ಪಕ್ಕದ ಮನೆಯಾಕೆ ಹೆಪ್ಪು ಕೇಳಲು ಬಂದು ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿದಾಗ ಅವ್ವ, "ತಡಿಯಬೇ, ಮಾತ ನಡದೈತಿ" ಎಂದು ಗದರಿದಳು. ಆಕೆ ನನ್ನ ಕಡೆ ನೋಡಿದಳು. ನಾನು ಏನು ಹೇಳಲಿ? ಹೇಳುವ ಹಾಗೂ ಇರಲಿಲ್ಲ.

ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ. ನನ್ನ ನಿಯಮಗಳನ್ನೆಲ್ಲ ಆ ಫ್ರಿಜ್ಜು ನನಗಿಂತ ಚೆನ್ನಾಗಿ ಪಾಲಿಸುತ್ತಿತ್ತು. ತನ್ನದೇನನ್ನೂ ಸೇರಿಸುತ್ತಿರಲಿಲ್ಲ, ಮುಖ ಸಿಂಡರಿಸುತ್ತಿರಲಿಲ್ಲ. ಜೀವಮಾನವೆಲ್ಲ ಶಾಲು ಹೊದಿಸಿಕೊಂಡ ಕೆಲಸಕ್ಕೆ ತಗಡಿನ ಪೆಟ್ಟಿಗೆ ಸಾಕಾಯಿತಲ್ಲ! ಅದೇ ವಾರ ಒಂದು ಕಂಪನಿಯವರ ಸಭೆಯಲ್ಲಿ ಸ್ಕ್ರೀನಿನ ಮುಂದೆ ಬಾಯಿ ಮುಚ್ಚಿ ಕೂತು ಆಗಾಗ ತಲೆಯಾಡಿಸಿದೆ, ಒಮ್ಮೆ ಮೂಗು ತುರಿಸಿಕೊಂಡೆ. ಸಭೆ ಮುಗಿದ ಮೇಲೆ ಅವರು, ಈ ಸಲದಷ್ಟು ಸ್ಪಷ್ಟವಾದ ಸಲಹೆ ಹಿಂದೆ ಸಿಕ್ಕಿರಲಿಲ್ಲ ಎಂದು ಬರೆದು ಕಳಿಸಿದರು. ಮೂಗು ತುರಿಸಿಕೊಂಡದ್ದನ್ನು ನೋಡಿ ಯಾವುದೋ ಯೋಜನೆಯನ್ನೇ ಕೈಬಿಟ್ಟಿದ್ದರಂತೆ.

ಹೀಗಿರುವಾಗ ಒಂದು ಮಧ್ಯಾಹ್ನ. ಕರೆಂಟ್ ಇರಲಿಲ್ಲ, ಆದ್ದರಿಂದ ಮಾತೂ ಇರಲಿಲ್ಲ. ಚಿಗವ್ವ ಹಿತ್ತಲ ಬಾಗಿಲಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಅವ್ವನ ಪಕ್ಕದಲ್ಲಿ ಕೆಲಸವಿಲ್ಲದವಳಂತೆ ಕೂತಿದ್ದೆ. ಅವ್ವನ ಕೈ ಫಕ್ಕನೆ ನಿಂತಿತು. ನಾನೂ ನೋಡಿದೆ. ಜೋಳದ ಚೀಲದ ಅಡಿಯಿಂದ ಕರಿ ಚೇಳೊಂದು ಹೊರಬಂದು, ಬಾಲ ಎತ್ತಿಕೊಂಡು, ಚಿಗವ್ವನ ಹಿಮ್ಮಡಿಯ ಕಡೆಗೆ ನಡೆಯುತ್ತಿತ್ತು.

"ಹೇಳು ಅಕಿಗೆ!" ಎಂದಳು ಅವ್ವ ನನಗೆ.

ನಾನು ಬಾಯಿ ತೆರೆದೆ. ದನಿ ಹೋದರೆ ಹೋಗಲಿ ಎಂದು ನಿಶ್ಚಯ ಮಾಡಿಯೇ ತೆರೆದೆ, ಉಸಿರೂ ಎಳೆದುಕೊಂಡಿದ್ದೆ. ಅಷ್ಟರಲ್ಲಿ ಅವ್ವನಿಗೆ ನೆನಪಾಯಿತು. ಹಿಟ್ಟು ಮೆತ್ತಿದ ಅಂಗೈಯಿಂದ ನನ್ನ ಬಾಯಿಯನ್ನು ಫಟ್ಟನೆ ಮುಚ್ಚಿದಳು. ಫ್ರಿಜ್ಜಿನ ಕಡೆ ನೋಡಿದಳು. ಅದು ಸತ್ತು ನಿಂತಿತ್ತು. ಚೇಳು ಹಿಮ್ಮಡಿಗೆ ಮುಟ್ಟುವುದರಲ್ಲಿತ್ತು.

"ಏ ತಂಗೀ, ಚೇಳ! ಕಾಲ ತಗಿ!"

ಚಿಗವ್ವ ಕಾಲು ಎಳೆದುಕೊಂಡಳು, ಮೊರ ಉರುಳಿತು, ಜೋಳ ಚೆಲ್ಲಿತು. ಚಪ್ಪಲಿ ತೆಗೆದು ಚೇಳನ್ನು ಬಡಿದಳು, ಸತ್ತ ಮೇಲೂ ಬಡಿದಳು. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ತಿರುಗಿ ಅವ್ವನನ್ನು ನೋಡಿದಳು. ಅವ್ವನನ್ನೇ, ನನ್ನನ್ನಲ್ಲ.

"ಈ ಬಾಯಿ ಕುಳಗೇರಿ ಕ್ರಾಸಿನ್ಯಾಗ ಎಲ್ಲಿ ಹೋಗಿತ್ತಕ್ಕಾ?"

ಅಯ್ಯೋ ಶಿವನೇ, ಆ ಜಗಳ! ಅಷ್ಟು ವರ್ಷ ಆಡದೆ ಇಟ್ಟದ್ದೆಲ್ಲ ಒಂದೇ ಮಧ್ಯಾಹ್ನ ಹೊರಗೆ ಬಂತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಓಣಿಯ ಹೆಂಗಸರು ಕಟ್ಟೆಯ ಮೇಲೆ ಬಂದು ಕೂತರು. ನಾನು ನಡುವೆ ಮುಖಕ್ಕೆ ಹಿಟ್ಟು ಮೆತ್ತಿಕೊಂಡು, ಆ ಕಡೆಯ ಮಾತು ಬಂದಾಗ ಆ ಕಡೆ, ಈ ಕಡೆಯದು ಬಂದಾಗ ಈ ಕಡೆ ತಲೆ ತಿರುಗಿಸುತ್ತ ಕೂತಿದ್ದೆ.

"ಬಿಟ್ಟ ಹೋಗಿದ್ದಕ್ಕ ನನಗ ಸಿಟ್ಟ ಇಲ್ಲಕ್ಕಾ! ಕಂಡಕ್ಟರ್‌ಗ ಯಾರರೆ ತಪ್ಪಿ ಹೇಳ್ತಾರ. ಖರೆ ನಾ ಉಳ್ಳಾಗಡ್ಡಿ ಲಾರಿ ಹತ್ತಿ ಅಳಕೋಂತ ಬಂದ್ರ, ನೀವು ಉಣಕೋಂತ ಕುಂತಿದ್ರಿ! ಖಾಲಿ ಅರವಿ ಮುಂದ ಉಣ್ತೀಯೇನ ಅಂತ ಕೇಳಿದ್ರಿ, ನನಗ ಒಂದ ತುತ್ತರೆ ಇಟ್ಟಿದ್ರೇನು?"

"ಇಟ್ಟಿದ್ನೆಲೇ! ನಿನ್ನ ಪಾಲ ಬ್ಯಾರೆ ಅರವ್ಯಾಗ ಕಟ್ಟಿ ಇಟ್ಟಿದ್ನಿ! ಮಂಗ್ಯಾ ಒಯ್ತು!"

ಚಿಗವ್ವನ ಬಾಯಿ ತೆರೆದೇ ಉಳಿಯಿತು. "ಮಂಗ್ಯಾ?"

"ಮಂಗ್ಯಾ."

"ಬದನಿಕಾಯಿ ಸೈತ?"

"ಬದನಿಕಾಯಿ ಸೈತ."

"ಮತ್ತ ನನಗ ಯಾಕ ಯಾರೂ ಹೇಳಲಿಲ್ಲ?"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನನ್ನ ಕಡೆ! ಅದನ್ನು ಹೇಳು ಎಂದು ನನಗೆ ಯಾರಾದರೂ ಒಂದು ದಿನ ಹೇಳಿದ್ದರೇ? ಹೇಳು ಎಂದದ್ದನ್ನೆಲ್ಲ ಹೇಳಿದ್ದೇನೆ, ಒಂದು ಅಕ್ಷರ ಬಿಟ್ಟಿಲ್ಲ; ಬೇಕಾದರೆ ನನ್ನ ಪದ್ಧತಿಯನ್ನು ತೆರೆದು ನೋಡಿಕೊಳ್ಳಲಿ. ಇಷ್ಟನ್ನೆಲ್ಲ ಒದರಿ ಹೇಳಬೇಕೆಂದು ಎದೆ ಉರಿಯುತ್ತಿತ್ತು. ಬೆರಳಿನಿಂದ ಗಂಟಲು ತೋರಿಸಿದೆ. ಚಿಗವ್ವ ನನ್ನ ಹಿಟ್ಟಿನ ಮುಖ ನೋಡಿ ನಗತೊಡಗಿದಳು. ನಗುತ್ತ ನಗುತ್ತ ಅತ್ತಳು. ಅವ್ವ ಎದ್ದು ಹೋಗಿ ಅವಳ ಪಕ್ಕ ಜೋಳದ ಮೇಲೆಯೇ ಕೂತಳು. ಅಷ್ಟರಲ್ಲಿ ಕರೆಂಟ್ ಬಂತು, ಫ್ರಿಜ್ಜು ಗುಂಯ್ ಎಂದಿತು. "ನೀ ಸುಮ್ಕಿರು" ಎಂದರು ಇಬ್ಬರೂ ಅದಕ್ಕೆ.

ಡಾಕ್ಟರು ಹೇಳಿದ ದಿನ ಮತ್ತೆ ಬಾಗಲಕೋಟೆಗೆ ಹೋದೆವು. "ಆ ಅನ್ರಿ" ಎಂದರು. "ಆ" ಎಂದೆ. ಬಂತು. ಸಣ್ಣದಾಗಿ, ಸ್ವಚ್ಛವಾಗಿ, ನನ್ನದೇ ದನಿ. ಕಣ್ಣು ತುಂಬಿತು. ಇವತ್ತು ಹೆಚ್ಚು ಆಡಬೇಡಿ, ನಾಕು ಮಾತು ಸಾಕು, ಅವನ್ನೂ ನೋಡಿ ಖರ್ಚು ಮಾಡಿ ಎಂದು ಕಳಿಸಿದರು. ಬಸ್ಸಿನಲ್ಲಿ ಅವರಿಬ್ಬರೂ ಅಕ್ಕಪಕ್ಕ ಕೂತು ನನ್ನನ್ನು ಕಿಟಕಿಗೆ ದಬ್ಬಿದರು. ನನ್ನ ಜನ್ಮದಲ್ಲಿ ಸಿಕ್ಕ ಮೊದಲ ಕಿಟಕಿ ಸೀಟು ಅದು. ಅವರು ಆ ಲಾರಿಯ ಡ್ರೈವರನ ಮೀಸೆಯಿಂದ ಹಿಡಿದು ಇವತ್ತಿನ ಉಳ್ಳಾಗಡ್ಡಿಯವರೆಗೆ ಮಾತಾಡಿದರು. ನಾನು ಅಮೀನಗಡ, ಹುನಗುಂದ ಎಲ್ಲ ನೋಡುತ್ತ, ಉಳಿಸಿಕೊಂಡ ದನಿಯಲ್ಲಿ ಮೊದಲು ಏನು ಆಡಬೇಕು ಎಂದು ಲೆಕ್ಕ ಹಾಕಿದೆ. ದೊಡ್ಡ ಮಾತೇ ಆಗಬೇಕು. ಆ ಮಂಗ್ಯಾನ ವಿಷಯದಲ್ಲಿ ನನ್ನ ತಪ್ಪಿಲ್ಲ ಎಂಬುದನ್ನಾದರೂ ಖಡಕ್ಕಾಗಿ ಹೇಳಬೇಕು.

ಮನೆಗೆ ಬಂದ ಮೇಲೆ ಇಬ್ಬರೂ ಮಾತಾಡುತ್ತಲೇ ಅಡಿಗೆಮನೆಗೆ ಹೋದರು. ನಾನು ಪಡಸಾಲೆಯಲ್ಲಿ ಒಬ್ಬಳೇ ಕೂತೆ. ಮನೆ ತುಂಬ ಮಾತಿತ್ತು, ಅದರಲ್ಲಿ ಒಂದೂ ನನ್ನ ಮೂಲಕ ಹೋಗುತ್ತಿರಲಿಲ್ಲ. ಕೈಕಾಲು ಕಟ್ಟಿಹಾಕಿದಂತಾಯಿತು. ಸ್ವಲ್ಪ ಹೊತ್ತಿಗೆ ಅವ್ವ ಸೆರಗಿಗೆ ಕೈ ಒರೆಸುತ್ತ ಹೊಸ್ತಿಲಿಗೆ ಬಂದು ನಿಂತಳು.

"ಉಣ್ತೀಯೇನು?" ಎಂದಳು.

ನಾನು ಎದ್ದೆ. ಅಡಿಗೆಮನೆಯ ಕಡೆ ತಿರುಗಿ, ಅಷ್ಟು ವಾರ ಕಾಪಾಡಿಕೊಂಡು ಬಂದ ದನಿಯಲ್ಲಿ ಕೂಗಿದೆ: "ಚಿಗವ್ವಾ, ಉಣ್ತೀಯೇನು ಅಂತ ಕೇಳಾಕತ್ತಾಳ ನೋಡ ಅವ್ವ."

ಒಳಗೆ ತಾಟಿನ ಸಪ್ಪಳ ನಿಂತಿತು. ಚಿಗವ್ವ ಬಾಗಿಲಿಗೆ ಬಂದು ಅವ್ವನ ಪಕ್ಕ ನಿಂತು ನನ್ನನ್ನು ನೋಡಿದಳು.

"ನನಗಲ್ಲಬೇ ಹುಚ್ಚಿ" ಎಂದಳು. "ನಿನಗ ಕೇಳಾಕತ್ತಾಳ."

ಇಬ್ಬರೂ ಅಲ್ಲೇ ನಿಂತಿದ್ದರು. ನನ್ನ ಹಿಂದೆ ಗೋಡೆ, ಗೋಡೆಯ ಮುಂದೆ ನಾನೊಬ್ಬಳೇ. ಮಾತನ್ನು ದಾಟಿಸಲು ಆಚೆ ಯಾರೂ ಇರಲಿಲ್ಲ. ಹಸಿವಾಗಿತ್ತು.

"ಉಣ್ತೇನಿ" ಎಂದೆ.